ಬಲಗಡೆಯ ಗಾಯ

ಆ ಹಂದಿಯ ಹೊಟ್ಟೆಗೆ ಹೊಡೆದವರು ಯಾರು ಎಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಕಾಕಾನ ಮನೆಯ ಕಡೆ ಕೈ ತೋರಿಸುತ್ತಾರೆ. ಹೊಡೆದವನು ನಾನು.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಬಾದಾಮಿಯಿಂದ ಕುಳಗೇರಿ ಕ್ರಾಸಿಗೆ ಹೋಗುವ ರಸ್ತೆಯಿಂದ ಒಳಗಿರುವ ಊರು ನಮ್ಮದು. ಅಲ್ಲಿ ನನ್ನ ಹೊಲಕ್ಕೆ ಹೊಂದಿಕೊಂಡ ಹೊಲ ಅವನದು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು. ಎರಡೂ ಹೊಲಗಳ ನಡುವೆ ಒಂದು ಬಂಡಿದಾರಿ ಗುಡ್ಡದ ಬುಡದಿಂದ ಹಳ್ಳಕ್ಕೆ ಇಳಿಯುತ್ತದೆ. ಸಂಜೆಯಾದರೆ ಕಾಡುಹಂದಿಗಳೂ ಅದೇ ದಾರಿ ಹಿಡಿದು ಇಳಿಯುತ್ತಿದ್ದವು. ಹಾಗೆ ಇಳಿಯುವ ಹಂದಿಯ ಎಡಕ್ಕೆ ನನ್ನ ಗೋವಿನಜೋಳ, ಬಲಕ್ಕೆ ಕಾಕಾನ ಕಬ್ಬು. ನಾನು ಮುಂದೆ ಹೇಳಿದ ಸುಳ್ಳು ಇದರ ಮೇಲೆಯೇ ನಿಂತಿದೆ.

ಬೆಳೆ ಕಾಯಲು ಲೈಸೆನ್ಸ್ ಇದ್ದ ಬಂದೂಕು ಊರಲ್ಲಿ ಎರಡೇ ಇದ್ದವು, ಅವನದೊಂದು, ನನ್ನದೊಂದು. ಎರಡೂ ನಳಿಗೆಯ ಬಾಯಿಂದ ಮದ್ದು ಜಡಿಯುವ ಹಳೆಯ ಬಂದೂಕುಗಳು. ನನ್ನದು ಅಪ್ಪನಿಂದ ಬಂದದ್ದು. ಬಂದೂಕು ಅಪ್ಪನದಾದರೂ ಹೊಡೆಯುವುದನ್ನು ಕಲಿಸಿದವನು ಕಾಕಾ. ಅವನು ಕಲಿಸಿದ್ದರಲ್ಲಿ ಹೊಡೆಯುವುದಕ್ಕಿಂತ ಹೊಡೆಯದೆ ಇರುವುದೇ ಹೆಚ್ಚಾಗಿತ್ತು.

"ನಾಕು ಕಾಲು ಕಾಣ್ತಾವೇನಲೇ?" ಎಂದು ಕೇಳುತ್ತಿದ್ದ.

"ಮೂರು ಕಾಣ್ತಾವು ಕಾಕಾ."

"ಹಂಗಾದ್ರ ಬಂದೂಕ ಇಳಸು. ಮಾರಿ ನಿನ್ನ ಕಡೆ ಐತಿ ಅಂದ್ರ ಇಳಸು, ಕುಂಡಿ ನಿನ್ನ ಕಡೆ ಐತಿ ಅಂದ್ರ ಇಳಸು. ಅಡ್ಡ ನಿಲ್ಲಬೇಕು. ಮುಂಗಾಲು ಒಂದ ಹೆಜ್ಜಿ ಮುಂದ ಇಡಬೇಕು. ಆವಾಗ ಆ ಕಾಲಿನ ಹಿಂದ, ಎದಿ ಕೆಳಗಿನಿಂದ ಒಂದ ಅಂಗೈ ಮ್ಯಾಲ. ಅಲ್ಲಿ ಐತಿ ಅದರ ಜೀವ. ಹೆಗಲಿಗೆ ಹೊಡದ್ರ ಗಂಡು ಹಂದಿ ತೊಗಲು ಗುಂಡು ನುಂಗಿ ಬಿಡತೈತಿ."

"ಓಡಾಕತ್ತಿದ್ರ?"

"ಓಡೂದಕ್ಕ ಹೊಡೀಬ್ಯಾಡ. ಓಡಿ ಹೋತಂದ್ರ ಒಂದ ಸಾಲು ಜ್ವಾಳ ಹೋತು, ಅಷ್ಟ."

ಇನ್ನೂ ಎರಡು ಮಾತಿದ್ದವು. ಛರ್ರೆ, ಎಂದರೆ ಕಾಳಿನಷ್ಟು ಸಣ್ಣ ಗುಂಡುಗಳು, ಹಕ್ಕಿಗೆ; ಹಂದಿಗೆ ಸೀಸದ ಒಂದೇ ಗುಂಡು. ಮತ್ತೊಂದು, ಗಾಯಗೊಂಡ ಹಂದಿ ತಪ್ಪಿಸಿಕೊಂಡರೆ ಹೊಡೆದವನು ಅವತ್ತೇ ಸಂಜೆ ಊರೊಳಗೆ ಹೋಗಿ ಮನೆಮನೆಗೆ ಹೇಳಬೇಕು: ಇಂಥ ಕಡೆ ಗಾಯದ ಹಂದಿ ಇದೆ, ಬೆಳಗ್ಗೆ ಯಾರೂ ಮೇವಿಗೆ ಹೋಗಬೇಡಿ ಎಂದು. ಇದು ಕಾಕಾ ಮಾಡಿದ ನಿಯಮವಲ್ಲ, ನಮ್ಮೂರ ಹಿರಿಯರದು. ಹೇಳಿದವನಿಗೆ ಒಂದಿಷ್ಟು ನಗೆಪಾಟಲಿತ್ತು. ಹೆಂಗಸರು ಬಾಗಿಲಲ್ಲಿ ನಿಂತು, "ಬಂದೂಕ ಹೊತ್ತು ತಿರಗೂದು ಯಾಕ, ಒಂದು ಕ್ಯಾಟರಬಿಲ್ಲ ತಗೋಬಾರದ?" ಎನ್ನುತ್ತಿದ್ದರು. ಅಷ್ಟನ್ನು ಸಹಿಸಿಕೊಳ್ಳಬೇಕಿತ್ತು.

ಇದು ನಡೆದು ಇಪ್ಪತ್ತು ವರ್ಷದ ಮೇಲಾಯಿತು. ಆ ವರ್ಷ ನನ್ನ ಗೋವಿನಜೋಳ ಹಂದಿಗಳ ಪಾಲಾಯಿತು. ಕಾಕಾನ ಕಬ್ಬು ಮಾತ್ರ ಮುಟ್ಟಿದಂತಿರಲಿಲ್ಲ. ಅವನು ಹೊಲದ ಸುತ್ತ ಹಳೆಯ ಸೀರೆ ಕಟ್ಟಿದ್ದ. ಇಳಕಲ್ಲಿನಲ್ಲಿದ್ದ ಅವನ ಮಗಳು ಬೀಗರ ಓಣಿಯಲ್ಲೆಲ್ಲ ಕೇಳಿ ಹರಿದ ಸೀರೆಗಳನ್ನು ಗಂಟು ಕಟ್ಟಿ ಕಳಿಸಿದ್ದಳು. ಕೆಂಪು ಸೆರಗು, ಹಸಿರು ಒಡಲು, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಹಂದಿಗಳು ಅದಕ್ಕೆ ಬೆದರಿ ಇತ್ತ ತಿರುಗುತ್ತಿದ್ದವು, ವಿಷಯ ಇಷ್ಟೇ. ನನಗೆ ಅದು ಇಷ್ಟೇ ಎನ್ನಿಸಲಿಲ್ಲ. ಇವನು ಬೇಕೆಂದೇ ಹಂದಿಗಳನ್ನು ನನ್ನ ಕಡೆ ಅಟ್ಟುತ್ತಾನೆ ಎಂದುಕೊಂಡೆ. ಸಂಜೆ ಅವನು ಕೆಮ್ಮಿದರೆ, ಅದು ಹಂದಿ ಎಬ್ಬಿಸುವ ಕೆಮ್ಮು ಎನಿಸುತ್ತಿತ್ತು. "ಏನಪಾ, ಎಷ್ಟ ಹಾಳಾತು?" ಎಂದು ಕೇಳಿದರೆ, ಲೆಕ್ಕ ತಿಳಿದುಕೊಂಡು ಒಳಗೇ ನಗುತ್ತಿದ್ದಾನೆ ಎನಿಸುತ್ತಿತ್ತು. ನನಗೂ ಒಂದಿಷ್ಟು ಸೀರೆ ತರಿಸಿ ಕೊಡು ಎಂದು ಕೇಳಿದ್ದರೆ ಮರುದಿನವೇ ತರಿಸುತ್ತಿದ್ದ. ಕೇಳಲಿಲ್ಲ.

ಆ ಸಂಜೆ ಇನ್ನೂ ಬೆಳಕಿತ್ತು. ನಾನು ಬದುವಿನ ಜಾಲಿಗಿಡದ ಹಿಂದೆ ಕೂತಿದ್ದೆ. ಕಾಕಾ ಆಚೆ ತನ್ನ ಹೊಲ ಕಾಯುವ ಅಟ್ಟದ ಮೇಲಿದ್ದ. ಒಂದು ಒಂಟಿ ಗಂಡು ಹಂದಿ ದಾರಿಯಲ್ಲಿ ಇಳಿದು ಬಂದು ನನ್ನೆದುರು ನಿಂತಿತು. ಅದರ ತಲೆ ಮತ್ತು ಮುಂಗಾಲು ಪೊದೆಯ ಹಿಂದೆ ಇದ್ದವು. ಕಾಣುತ್ತಿದ್ದುದು ಹೊಟ್ಟೆ ಮತ್ತು ಹಿಂಗಾಲು. ನನ್ನ ಬಂದೂಕಿನಲ್ಲಿ ಸೀಸದ ಗುಂಡೂ ಇರಲಿಲ್ಲ. ಇದ್ದದ್ದು ಹಳೆಯ ಸೈಕಲ್ಲಿನ ಚಕ್ರದಿಂದ ಬಿಚ್ಚಿದ ಉಕ್ಕಿನ ಛರ್ರೆ. ಮನೆಯಲ್ಲಿ ಸೀಸ ತೀರಿತ್ತು, ತರಲು ಬಾಗಲಕೋಟೆಗೆ ಹೋಗಬೇಕಿತ್ತು, ಬೇಸರಪಟ್ಟು ಹೋಗದೆ ಉಳಿದಿದ್ದೆ.

ಒಂದು ಹೆಜ್ಜೆ ಇಡಲಿ ಎಂದು ಕಾಯಬಹುದಿತ್ತು. ಅದು ಗಾಳಿ ಮೂಸುತ್ತ ನಿಂತಿತ್ತು, ಅವಸರದಲ್ಲಿರಲಿಲ್ಲ. ಆಗ ಆಚೆಯಿಂದ ಕಾಕಾ ಕೆಮ್ಮಿದ. ನೋಡು, ಅಟ್ಟಿದ, ಎಂದುಕೊಂಡೆ. ಆ ಸಿಟ್ಟಿನಲ್ಲಿ ಬಂದೂಕಿನ ಕುದುರೆ ಎಳೆದೆ.

ಹಂದಿ ಒದರಿತು. ಬಂಡಿದಾರಿ ದಾಟಿ, ಕಾಕಾನ ಬದುವಿನ ಗುಂಟ ಹಳ್ಳದ ಕಡೆ ಓಡಿತು. ಕಾಕಾನ ಬಂದೂಕೂ ಸದ್ದು ಮಾಡಿತು. ಮೊದಲು ಯಾವತ್ತೂ ಓಡುವ ಹಂದಿಗೆ ಅವನು ಹೊಡೆದದ್ದಿಲ್ಲ. ಸೀರೆಯನ್ನು ಹರಿದುಕೊಂಡು ಅದು ಕಬ್ಬಿನೊಳಗೆ ನುಗ್ಗಿತು.

"ಹತ್ತಿತೇನ್ಲೇ?" ಎಂದು ಕಾಕಾ ಕೂಗಿದ.

"ಇಲ್ಲ ಕಾಕಾ, ನಾ ಸುಮ್ಮ ಗಾಳಿಗೆ ಹೊಡದೆ, ಹೆದರಸಾಕ."

"ನಂದೂ ಹುಸಿ ಹೋತು ಕಾಣಸ್ತೈತಿ."

ಹೊಟ್ಟೆಗೆ ಹತ್ತಿದೆ ಎಂದು ನನಗೆ ಗೊತ್ತಿತ್ತು. ಹೊಟ್ಟೆಗೆ ಹತ್ತಿದ ಹಂದಿಯ ಒದರು ಬೇರೆ. ಊರೊಳಗೆ ಹೋಗಿ ಹೇಳಬೇಕಿತ್ತು. ಹೇಳಿದರೆ ಯಾತರಿಂದ ಹೊಡೆದೆ ಎಂದು ಕೇಳುತ್ತಾರೆ, ಛರ್ರೆ ಎಂದರೆ ಕಾಕಾ ಎಲ್ಲರೆದುರು ಮುಖಕ್ಕೆ ಉಗುಳುತ್ತಾನೆ. ಅದಕ್ಕಿಂತ ಕೆಟ್ಟ ವಿಚಾರವೂ ಮನಸ್ಸಿನಲ್ಲಿತ್ತು. ಹಂದಿ ಈಗ ಅವನ ಕಬ್ಬಿನಲ್ಲಿದೆ, ಒಂದು ದಿನ ಅವನ ಬೆಳೆಯಲ್ಲೇ ಹೊರಳಾಡಲಿ. ಮನೆಗೆ ಹೋಗಿ ಊಟ ಮಾಡಿದೆ.

ಬೆಳಗ್ಗೆ ಒಬ್ಬಾಕೆ ಆ ಕಬ್ಬಿನ ಅಂಚಿಗೆ ಹುಲ್ಲು ಕೊಯ್ಯಲು ಹೋದಳು. ಗಂಡ ಸತ್ತ ಹೆಣ್ಣುಮಗಳು, ಒಂದು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು. ಹಂದಿ ಒಳಗಿನಿಂದ ಬಂದು ಅವಳ ತೊಡೆಯನ್ನು ಕೋರೆಯಿಂದ ಸೀಳಿತು. ಕೂಗು ಕೇಳಿ ಮೊದಲು ಓಡಿದವನು ಕಾಕಾ. ತನ್ನ ತಲೆಯ ಪಟಗಾ ಬಿಚ್ಚಿ ತೊಡೆಗೆ ಬಿಗಿದ, ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಾದಾಮಿ ದವಾಖಾನೆಗೆ ಹೋದ. ಅಲ್ಲಿಂದ ಬಾಗಲಕೋಟೆಗೆ ಕಳಿಸಿದರು.

ಊರಲ್ಲಿ ಉಳಿದ ಬಂದೂಕು ನನ್ನದು. "ಹುಡಕಿ ಮುಗಸಪಾ ಅದನ್ನ" ಎಂದರು. ಈ ಸಲ ಕಾಕಾನ ಮನೆಯಿಂದಲೇ ಸೀಸದ ಗುಂಡು ಬೇಡಿ ತಂದು ತುಂಬಿಕೊಂಡು, ರಕ್ತದ ಜಾಡು ಹಿಡಿದು ಒಬ್ಬನೇ ಹೋದೆ. ಹಳ್ಳದ ಕೊರಕಲಿನಲ್ಲಿ ಅದು ಸತ್ತು ಬಿದ್ದಿತ್ತು. ಮೈ ಇನ್ನೂ ಬಿಸಿ ಇತ್ತು. ಎಡಗಡೆಯ ಹೊಟ್ಟೆಯಲ್ಲಿ ನನ್ನ ಛರ್ರೆಯ ತೂತುಗಳು, ನೊಣ ಮುತ್ತಿದ್ದವು. ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ತೂತಿನ ಕಡೆ ನೆಲಕ್ಕೆ ಬರುವಂತೆ ಹೊರಳಿಸಿದೆ, ಅದರ ಮುಂಗಾಲನ್ನು ಎಳೆದು ಮುಂದಕ್ಕೆ ಇಟ್ಟೆ, ಹಿಂದೆ ಸರಿದು ನಿಂತೆ, ಕಾಕಾ ಕಲಿಸಿದ ಜಾಗಕ್ಕೆ ಸರಿಯಾಗಿ ಒಂದು ಗುಂಡು ಹೊಡೆದೆ. ಸತ್ತ ಹಂದಿಗೆ.

ಸದ್ದು ಕೇಳಿ ಹುಡುಗರು ಬಂದರು. "ಒಂದ ಗುಂಡು! ಮುಂಗಾಲ ಹಿಂದ! ಏನ್ ಕೈ ಮಾರಾಯ!" ಎಂದು ಕುಣಿದರು. ಅಲ್ಲಿಯೇ ಮೈ ಸುಟ್ಟೆವು, ಮಸಿಯಲ್ಲಿ ತೂತು ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ. ಹೊಟ್ಟೆ ಸೀಳುವಾಗ, ಮೊದಲ ಪೆಟ್ಟಿಗೆ ಕರುಳು ಹರಿದು ನಾತ ಬಹಳ ಇದೆ ಎಂದು ನೆವ ಹೇಳಿ ಎಲ್ಲರನ್ನೂ ಇನ್ನಷ್ಟು ಕಟ್ಟಿಗೆ ತರಲು ಕಳಿಸಿದೆ. ಕರುಳಿನಿಂದ ಛರ್ರೆ ಆರಿಸಿ ಹಳ್ಳದ ಮಡುವಿಗೆ ಎಸೆದೆ. ತೂತಿದ್ದ ತೊಗಲನ್ನೂ ಕರುಳಿನ ಜೊತೆಗೇ ಕೊಯ್ದು ಹೂಳಿದೆ. ಅರಣ್ಯ ಇಲಾಖೆಗೆ ತಿಳಿಸದೆ ಮಾಂಸ ಮಾಡಿದ್ದೂ ತಪ್ಪೇ. ಆದರೆ ಅವತ್ತಿನ ತಪ್ಪುಗಳಲ್ಲಿ ಅದು ಸಣ್ಣದು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹಂದಿಯನ್ನು ಕೊನೆಗೆ ಕೆಡವಿದವನಿಗೆ ತೊಡೆ, ಮೊದಲು ರಕ್ತ ತೆಗೆದವನಿಗೆ ತಲೆ. ಪಾಲು ಹಾಕುವಾಗ ಊರಿನ ಹಿರಿಯನೊಬ್ಬ ಕೇಳಿದ, "ತಲಿ ಯಾರದು? ಹೊಟ್ಟಿಗೆ ಹೊಡದು ಬಿಟ್ಟ ಆ ಶ್ಯಾಣ್ಯಾ ಯಾರು?"

ಕಾಕಾ ಹೊಡೆದ ಎಂದು ನಾನು ಹೇಳಲಿಲ್ಲ. ಒಂದೇ ಮಾತು ಹೇಳಿದೆ. "ನಾ ಗಾಳಿಗೆ ಹೊಡದಿದ್ದೆ. ಕಾಕಾಗ ಈಗೀಗ ಕಣ್ಣು ಅಷ್ಟ ಛಂದ ಕಾಣೂದಿಲ್ಲ, ಪಾಪ."

ಆ 'ಪಾಪ' ಎಂಬ ಮಾತನ್ನು ನಾನು ಎಷ್ಟು ಮೆತ್ತಗೆ ಹೇಳಿದೆ ಎಂಬುದು ಈಗಲೂ ಕಿವಿಯಲ್ಲಿದೆ.

ಸಂಜೆ ಕಾಕಾ ಬಾಗಲಕೋಟೆಯಿಂದ ಬಂದಾಗ ಅವನ ಬಾಗಿಲಲ್ಲಿ ಬುಟ್ಟಿಯೊಳಗೆ ತಲೆ ಇತ್ತು. ಸುತ್ತ ಜನ ಇದ್ದರು. ಅವನ ಅಂಗಿಯ ಮೇಲೆ ಇನ್ನೂ ಅವಳ ರಕ್ತವಿತ್ತು. ಬುಟ್ಟಿ ನೋಡಿದ, ನನ್ನನ್ನು ಪಕ್ಕಕ್ಕೆ ಕರೆದ.

"ನಿನ್ನ ಸದ್ದಿಗೇ ಒದರಿತಲ್ಲ ಅದು?"

"ಹೆದರಿ ಒದರಿತು ಕಾಕಾ."

"ಗಾಯ ಯಾ ಕಡೆ ಇತ್ತು?"

ಅವನು ಕೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಇಡೀ ಊರಲ್ಲಿ ಈ ಪ್ರಶ್ನೆ ಕೇಳುವವನು ಅವನೊಬ್ಬನೇ. ಎಡಗಡೆ ಎಂದರೆ ಅದು ನನ್ನ ಹೊಲದ ಕಡೆಯಿಂದ ಬಿದ್ದ ಪೆಟ್ಟು.

"ಬಲಗಡೆ" ಎಂದೆ.

ಅವನು ಹೌದೆಂಬಂತೆ ತಲೆ ಆಡಿಸಿದ. "ಓಡೂದಕ್ಕ ಹೊಡದೆ ನೋಡು. ನಾನ ಹೇಳಿ, ನಾನ ಹೊಡದೆ" ಎಂದ. ಬುಟ್ಟಿಯನ್ನು ಎತ್ತಿ ಒಳಗೆ ಒಯ್ದ. ತಲೆಯನ್ನು ಅವನು ತೆಗೆದುಕೊಂಡದ್ದನ್ನು ಊರು ನೋಡಿತು. ಅಲ್ಲಿಗೆ ತೀರ್ಮಾನವಾಯಿತು.

ಆಮೇಲೆ ಚುನಾವಣೆ ಬಂತು. ಲೈಸೆನ್ಸ್ ಇದ್ದವರು ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕು, ಮುಗಿದ ಮೇಲೆ ಮರಳಿ ತರಬೇಕು. ನಾನು ತಂದೆ. ಕಾಕಾ ತರಲು ಹೋಗಲೇ ಇಲ್ಲ.

ಅಂದಿನಿಂದ ನನಗೆ ಎಲ್ಲರ ಮೇಲೂ ಸಂಶಯ. ಹಂದಿಯ ಮೈ ಸುಡುವಾಗ ಕಾಲು ಹಿಡಿದಿದ್ದ ಹುಡುಗ ನಕ್ಕರೆ, ಇವನು ತೂತು ನೋಡಿದ್ದಾನೆ ಎನಿಸುತ್ತಿತ್ತು. ಕಾಕಾ ಬಂದೂಕು ಬಿಟ್ಟದ್ದು ಏಕೆ, ನನ್ನ ಮೇಲೆ ಏನೋ ಹೂಡುತ್ತಿದ್ದಾನೆಯೇ ಎಂದು ಯೋಚಿಸುತ್ತಿದ್ದೆ. ದವಾಖಾನೆಗೆ ಅವಳನ್ನು ನೋಡಲು ಹೋದೆ. ಕರುಣೆಯಿಂದ ಹೋದದ್ದಲ್ಲ. ಅದು ಮೈಮೇಲೆ ಬಂದಾಗ ರಕ್ತ ಯಾವ ಕಡೆ ಸುರಿಯುತ್ತಿತ್ತು ಎಂದು ಅವಳು ನೋಡಿದ್ದಾಳೆಯೇ ಎಂಬುದನ್ನು ತಿಳಿಯಲು ಹೋದೆ.

"ಹ್ಯಾಂಗ ಬಂತವಾ ಅದು ಮೈಮ್ಯಾಲೆ?" ಎಂದು ಕೇಳಿದೆ.

"ಏನ ಹೇಳ್ಲೆಣ್ಣಾ. ಕೋರೆ ಅಷ್ಟ ಕಂಡೆ. ಎಲ್ಲಾರೂ ಕಾಲ ಹ್ಯಾಂಗೈತಿ ಅಂತ ಕೇಳ್ತಾರ. ನೀ ಒಬ್ಬಾವ ಹಂದಿ ಕೇಳಿದಿ ನೋಡು" ಎಂದು ನಕ್ಕಳು. ನೋವಿನಲ್ಲಿಯೂ ನಗುವ ಸ್ವಭಾವ ಅವಳದು. ಆ ನಗುವಿನಲ್ಲಿಯೂ ನಾನು ಅರ್ಥ ಹುಡುಕಿದೆ.

ಅವಳ ಕಾಲು ಮಡಚದಂತಾಯಿತು. ಕಾಕಾ ಅವಳ ಎಮ್ಮೆಯ ಮೇವಿಗೆ ಪ್ರತಿ ಸುಗ್ಗಿಗೆ ಬಂಡಿ ತುಂಬ ಜೋಳದ ಕಣಕಿ ಹಾಕಿಸತೊಡಗಿದ, ಅವಳ ತುಂಡು ಹೊಲವನ್ನು ತಾನೇ ಹರಗಿಸಿ ಕೊಟ್ಟ, ಅವಳ ಮನೆ ಸೋರಿದರೆ ತಾನೇ ನಿಂತು ಮಾಳಿಗೆಗೆ ಮೇಲುಮುದ್ದೆಯ ಮಣ್ಣು ಹಾಕಿಸಿದ. ಒಂದೆರಡು ವರ್ಷ ಜನ ಹೊಗಳಿದರು. ಮುಂದೆ ಕಣ್ಣು ಮಿಟುಕಿಸತೊಡಗಿದರು. ಗಂಡ ಇಲ್ಲದಾಕೆಯ ಮನೆಗೆ ಇವನಿಗೇನು ಕೆಲಸ? ಕಾಕಾನ ಮಕ್ಕಳಿಗೂ ಅದು ಮುಟ್ಟಿತು. ಚಹಾದಂಗಡಿಯಲ್ಲಿ ನನ್ನೆದುರೇ ಒಬ್ಬ ಅಂದ, "ಮುದುಕನ ಗುರಿ ತಪ್ಪಿದ್ದು ಹಂದಿಗೆ ಅಷ್ಟಲೇ, ಆಕಿಗೆ ಸರಿಯಾಗೇ ಹೊಡದಾನ." ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಕಾ ಏಕೆ ಹೋಗುತ್ತಾನೆ ಎಂಬುದು ಆ ಅಂಗಡಿಯಲ್ಲಿ ನನಗೊಬ್ಬನಿಗೇ ಖರೆ ಗೊತ್ತಿತ್ತು.

ಹೋದ ವರ್ಷ ಕಾಕಾ ನನ್ನ ಮನೆಗೆ ಬಂದ. ಬೆನ್ನು ಬಾಗಿದೆ, ಕೋಲು ಬಂದಿದೆ. "ಹಳ್ಳದ ಕಡೆ ಒಂದ ಎಕರೆ ಆಕಿ ಹೆಸರಿಗೆ ಮಾಡ್ತೇನಿ. ನಾ ಸತ್ತ ಮ್ಯಾಲ ಆಕಿಗೆ ಕಣಕಿ ಹಾಕಾವ್ರು ಯಾರು? ನೀ ಸಾಕ್ಷಿಗೆ ಬಾ. ನನ್ನ ಮಕ್ಕಳು ಬರೂದಿಲ್ಲ" ಎಂದ.

ಇಲ್ಲ ಎನ್ನಲು ನೆವ ಸಿಗಲಿಲ್ಲ. ಹೋಗಲಿ, ಸಹಿ ಮಾಡಿ ಬಿಡೋಣ, ಇಷ್ಟು ವರ್ಷ ಮುಚ್ಚಿದ್ದು ಹೀಗೆಯೇ ಮುಚ್ಚಿ ಹೋಗಲಿ ಎಂದೂ ಅನ್ನಿಸಿತು. ಮೂವರೂ ಬಸ್ಸಿನಲ್ಲಿ ಬಾದಾಮಿಗೆ ಹೋದೆವು. ಬಸ್ಸಿಳಿಯುವಾಗ ಅವಳು ಮಡಚದ ಕಾಲನ್ನು ಮೊದಲು ಹೊರಗೆ ಚಾಚಿ, ಕಂಬ ಹಿಡಿದು, ಇಡೀ ಮೈಯನ್ನು ಅದರ ಹಿಂದೆ ಜಾರಿಸಿದಳು. ಕೆಳಗೆ ನಿಂತು ಕಾಕಾ ತನ್ನ ಕೋಲನ್ನು ಅವಳಿಗೆ ಕೊಟ್ಟು ತಾನು ಬಾಗಿಲು ಹಿಡಿದುಕೊಂಡ. ನೋಂದಣಿ ಕಚೇರಿಯ ಎದುರು ಚಹಾ ಕುಡಿಯುತ್ತ ಕೂತೆವು. ಒಳಗಿನಿಂದ ಇನ್ನೂ ಕರೆದಿರಲಿಲ್ಲ. ಅಲ್ಲಿ ಹೇಳಿಬಿಟ್ಟೆ.

"ಕಾಕಾ, ಗಾಯ ಎಡಗಡೆ ಇತ್ತು."

ಅವನಿಗೆ ಒಮ್ಮೆಲೇ ತಿಳಿಯಿತು. ಯಾವ ಗಾಯ ಎಂದು ಕೇಳಲಿಲ್ಲ. ಚಹಾ ಕೆಳಗಿಟ್ಟ.

"ಯಾತರಲೆ ಹೊಡದಿದ್ದಿ?"

"ಸೈಕಲ್ ಛರ್ರೆ."

"ಮುಂಗಾಲ ಹಿಂದಿನ ಗುಂಡು?"

"ಸತ್ತ ಮ್ಯಾಲ ಹೊಡದದ್ದು."

ಅವನು ರಸ್ತೆಯ ಕಡೆ ತಿರುಗಿದ. "ಹಂಗಾದ್ರ ನಂದು ಹುಸಿ ಹೋಗಿತ್ತು" ಎಂದ. ಇನ್ನೊಮ್ಮೆ ತನಗೇ ಹೇಳಿಕೊಂಡ, "ಹುಸಿ ಹೋಗಿತ್ತು."

ಅವಳು ನನ್ನ ಮುಖ ನೋಡಲಿಲ್ಲ. ಕಾಕಾನಿಗೆ ಹೇಳಿದಳು, "ನಿಮ್ಮ ಹೊಲ ನನಗ ಬ್ಯಾಡ್ರಿ ಕಾಕಾ. ನೀವು ಏನೂ ಮಾಡದ ಮ್ಯಾಲ ನಾ ಯಾತಕ್ಕ ತಗೊಳ್ಲಿ?"

"ತಗೋ ಯವ್ವಾ, ನಾ ಮನಸಿನಿಂದ ಕೊಡಾಕತ್ತೇನಿ."

"ಬ್ಯಾಡ್ರಿ. ನಾಳೆ ಊರ ಏನಂತೈತಿ? ಹಂದಿ ನೆವಾ ಇತ್ತು, ಅದೂ ಹೋತು ಅಂತೈತಿ."

ನಾನು ನನ್ನ ಹೊಲದಲ್ಲಿ ಕೊಡುತ್ತೇನೆ ಎಂದೆ. ಆಗ ನನ್ನ ಕಡೆ ತಿರುಗಿದಳು.

"ನಿನ್ನ ಮಣ್ಣ ನನಗ ಬ್ಯಾಡ. ಇಲ್ಲಿ ಚಾದಂಗಡ್ಯಾಗ ಇಬ್ಬರ ಮುಂದ ಹೇಳಿದ್ರ ಏನ ಬಂತು? ನಮ್ಮ ಇಬ್ಬರ ಮಾನ ಹೋಗಿದ್ದು ಊರಾಗ. ಅಲ್ಲಿ ಹೇಳು."

ಒಳಗಿನಿಂದ ಕರೆದರು. ನಾವು ಯಾರೂ ಏಳಲಿಲ್ಲ. ಬಂದ ಬಸ್ಸಿನಲ್ಲಿಯೇ ಮರಳಿದೆವು.

ಸೋಮವಾರ ಗುಡಿಯ ಕಟ್ಟೆಯ ಮೇಲೆ ಜನ ಕೂಡಿದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಛರ್ರೆ, ಮಡು, ಸತ್ತ ಹಂದಿ, ಎಡ ಮತ್ತು ಬಲ. ಚಪ್ಪಲಿ ಎಸೆಯುತ್ತಾರೆ ಎಂದು ಅಂಜಿದ್ದೆ. ಯಾರೂ ಎಸೆಯಲಿಲ್ಲ. ಹಿಂದಿನಿಂದ ಒಬ್ಬ ಕೇಳಿದ, "ಕಾಕಾನ ಮಕ್ಕಳು ನಿನಗ ಏನ್ ಕೊಟ್ರೋ?"

ಎಲ್ಲರೂ ನಕ್ಕರು.

"ಒಂದ ಎಕರೆ ಹೊರಗ ಹೋಗೂದು ಉಳೀತಲ್ಲ, ಅರ್ಧಾ ಎಕರೆ ನಿನಗ ಏನ?" ಎಂದ ಇನ್ನೊಬ್ಬ.

ನಾನು ಕಟ್ಟೆಯ ಮೇಲಿನ ದೇವರ ಆಣೆ ಮಾಡಿದೆ. "ಇಷ್ಟು ವರ್ಷ ಎಲ್ಲಿದ್ನಪಾ ಈ ದೇವರು?" ಎಂದರು. ಇವನದೇ ಗುಂಡು ಎಂದು ಅವತ್ತು ನನ್ನನ್ನು ಊರೆಲ್ಲ ಮೆರೆಸಿದ್ದ ಹುಡುಗರಿಗೆ ಈಗ ನಡುವಯಸ್ಸು. ಅವರಿಗಂತೂ ನಂಬಲು ಮನಸ್ಸೇ ಇರಲಿಲ್ಲ. ಹಂದಿಯ ಕಾಲು ಹಿಡಿದಿದ್ದವನನ್ನು ಕರೆದು, ನೀನು ತೂತು ನೋಡಿದ್ದೆಯಲ್ಲ ಎಂದು ಕೇಳಿದೆ. "ನಾ ಏನ್ ನೋಡಿದ್ನೋ ಯಣ್ಣಾ, ಹೊಗಿ ಕಣ್ಣಾಗ ಹೊಕ್ಕಿತ್ತು" ಎಂದ. ಅವನು ಏನನ್ನೂ ನೋಡಿರಲಿಲ್ಲ. ಇಷ್ಟು ವರ್ಷ ಅವನಿಗೆ ನಾನು ಸುಮ್ಮನೆ ಅಂಜಿದ್ದೆ.

ಸಂಶಯ ಪಡುವುದನ್ನು ಈ ಊರಿಗೆ ನಾನೊಬ್ಬನೇ ಕಲಿಸಿದೆ ಎನ್ನಲಾರೆ. ಆದರೆ ಕಾಕಾನ ಮೇಲೆ ಅದನ್ನು ಬಿಟ್ಟವನು ನಾನು. ಈಗ ಕರೆದರೆ ಅದು ಹಿಂದಕ್ಕೆ ಬರುತ್ತಿಲ್ಲ. ಅವಳಿಗೆ ಸಿಗಬೇಕಿದ್ದ ಹೊಲ ಸಿಗಲಿಲ್ಲ, ಅದೂ ನನ್ನ ಬಾಯಿಂದಲೇ ತಪ್ಪಿತು. ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ದಾಟಿ ಹೋಗುತ್ತಾಳೆ.

ಕಾಕಾ ನನ್ನ ಜೊತೆ ಮಾತು ಬಿಟ್ಟಿದ್ದ. ಈ ಬೇಸಗೆಯಲ್ಲಿ ಒಂದು ಮಧ್ಯಾಹ್ನ ನಾನು ಬದುವಿನಲ್ಲಿ ಕೂತಿದ್ದಾಗ ಕೋಲೂರುತ್ತ ಬಂಡಿದಾರಿಯ ಆಚೆ ಬಂದು ನಿಂತ. ಈಚೆಗೆ ದಾಟಲಿಲ್ಲ.

"ಒಂದ ಕೇಳ್ತೇನಿ, ಖರೆ ಹೇಳು. ನೀ ಹೊಡದಾಗ ಅದು ನಿಂತಿತ್ತೋ, ನಡೀತಿತ್ತೋ?"

ನಡೆಯುತ್ತಿತ್ತು ಎಂದಿದ್ದರೆ ಗುರಿ ತಪ್ಪಿತು ಎಂದು ಅವನು ಮನ್ನಿಸುತ್ತಿದ್ದನೇನೋ. ಅದಕ್ಕೆ ಜಾಗ ಇಟ್ಟೇ ಕೇಳಿದ್ದ ಎಂದು ಈಗ ಅನ್ನಿಸುತ್ತದೆ.

"ನಿಂತಿತ್ತು ಕಾಕಾ" ಎಂದೆ. "ಕಾಯಬಹುದಿತ್ತು."

ಅವನು ನನ್ನನ್ನು ನೋಡಿದ, ತಲೆ ಅಲ್ಲಾಡಿಸಿದ, ತಿರುಗಿ ಊರಿನ ಕಡೆ ನಡೆದ.